ಮುಖ ಕೊಟ್ಟು ಮಾತಾಡು

ಹಿಟ್ಟಿನ ಗಿರಣಿಯಲ್ಲಿ ದುಡಿಯುವವರೆಲ್ಲ ಸಂಜೆ ತಲೆ ಹಿಡಿದುಕೊಂಡು ಹೊರಬರುತ್ತಾರೆ, ತೋಪಣ್ಣನೊಬ್ಬನನ್ನು ಬಿಟ್ಟು. ಬೆಲ್ಟು ಕಿರುಚಲಿ, ಕಲ್ಲು ಗುಡುಗಲಿ, ಅವನಿಗೆ ಎಲ್ಲ ಒಂದೇ. ಗಿರಾಕಿ ಬಾಯಿ ತೆರೆದರೆ ಸಾಕು, ನುಣ್ಣಗೆ ಬೇಕೋ ತರಿತರಿಯಾಗಿ ಬೇಕೋ ತುಟಿ ನೋಡಿಯೇ ತಿಳಿದುಕೊಳ್ಳುತ್ತಾನೆ. ಅವನು ಮಾತಾಡಿದರೆ ಮಾತ್ರ ಇಡೀ ಬೀದಿಗೆ ಕೇಳಿಸುತ್ತದೆ. ಅದಕ್ಕೇ ತೋಪು, ಅಂದರೆ ಫಿರಂಗಿ, ಎಂಬ ಆ ಹೆಸರು. ಅವನು ನಿಜವಾಗಿಯೂ ಫಿರಂಗಿ ದಳದಲ್ಲಿದ್ದವನು ಎಂದು ಹೆಸರಿಟ್ಟವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಗು ಇನ್ನಷ್ಟು ಜಾಸ್ತಿಯಾಯಿತು.

ನಗಲಿ ಬಿಡಿ. ನಗುವವರ ಮೇಲೆ ಅವನಿಗೆ ಸಿಟ್ಟಿಲ್ಲ. ಸಿಟ್ಟಿರುವುದು ತನ್ನನ್ನು ಮನೆಗೆ ಕಳಿಸಿದ ರೀತಿಯ ಮೇಲೆ. ಅವಧಿಗೆ ಮುಂಚೆ ಸಿಪಾಯಿಯನ್ನು ಕಳಿಸುವುದಕ್ಕೆ ಸೈನ್ಯ ಎರಡು ಬಾಗಿಲು ಇಟ್ಟುಕೊಂಡಿದೆ. ಮೈ ಕೆಟ್ಟವನು ವೈದ್ಯಕೀಯ ಬಿಡುಗಡೆ ಎಂಬ ಮುಂಬಾಗಿಲಿಂದ ಹೋಗುತ್ತಾನೆ. ಅವನ ಹಿಂದೆಯೇ ಪಿಂಚಣಿ, ಆಸ್ಪತ್ರೆ, ಊರವರ ಗೌರವ ಎಲ್ಲ ಬರುತ್ತವೆ. ನಡತೆ ಕೆಟ್ಟವನನ್ನು ಆಡಳಿತಾತ್ಮಕ ಬಿಡುಗಡೆ ಎಂಬ ಹಿತ್ತಿಲ ಬಾಗಿಲಿಂದ ತಳ್ಳುತ್ತಾರೆ. ಅವನ ಹಿಂದೆ ಬರುವುದು ಕೆಟ್ಟ ಹೆಸರೊಂದೇ. ತೋಪಣ್ಣನ ಕಿವಿ ತಿಂದದ್ದು ಸೈನ್ಯದ ಫಿರಂಗಿ. ಆದರೆ ತಳ್ಳಿದ್ದು ಹಿತ್ತಿಲ ಬಾಗಿಲಿಂದ, 'ಆಜ್ಞೆ ಪಾಲಿಸದವನು' ಎಂದು ಬರೆದು. ಕೇಳಿಸದವನು ಹೇಗೆ ಪಾಲಿಸಬೇಕು, ನೀವೇ ಹೇಳಿ!

ಗುಂಡು ತುಂಬುವುದು ಅವನ ಕೆಲಸವಾಗಿತ್ತು. ಅವನಷ್ಟು ಚುರುಕು ಕೈ ದಳದಲ್ಲಿ ಇನ್ನೊಬ್ಬನಿಗಿರಲಿಲ್ಲ. ಕಿವಿಗೆ ಬಿರಡೆ ಹಾಕಿಕೊಂಡವನನ್ನು ಅಲ್ಲಿ 'ಮದುಮಗಳು' ಎಂದು ಗೇಲಿ ಮಾಡುತ್ತಿದ್ದರು, ಹಾಗಾಗಿ ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಮೊದಲು ಕಿವಿಯೊಳಗೆ ಗುಂಯ್ ಎನ್ನುವ ಸದ್ದು ಬಂತು, ಬರಬರುತ್ತಾ ಆ ಸದ್ದೊಂದೇ ಉಳಿಯಿತು. ಜೊತೆಗಾರರು ಅವನಿಗಾಗಿ ತಮ್ಮತಮ್ಮಲ್ಲೇ ಒಂದು ಪದ್ಧತಿ ಮಾಡಿಕೊಂಡರು. ಅವನ ಹತ್ತಿರ ಮಾತಾಡುವಾಗ ಮುಖ ಕೊಟ್ಟು ಮಾತಾಡಬೇಕು. ಫಿರಂಗಿಯ ಹತ್ತಿರವಾದರೆ ಭುಜಕ್ಕೆ ಒಂದು ಸಲ ತಟ್ಟಿದರೆ ತುಂಬು, ಎರಡು ಸಲ ತಟ್ಟಿದರೆ ನಿಲ್ಲು. ತಟ್ಟುವ ಕೆಲಸ ಉದ್ದಣ್ಣನದು. ಇಬ್ಬರೂ ಒಂದೇ ದಿನ ಭರ್ತಿಯಾದವರು, ಒಂದೇ ತಟ್ಟೆಯಲ್ಲಿ ಉಂಡವರು.

ಕಿವಿ ಪರೀಕ್ಷೆಯನ್ನು ದಾಟಿಸುತ್ತಿದ್ದವನೂ ಅವನೇ. ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ, ಹಿಂದೆ ಕೂತ ಕಂಪೌಂಡರ್ ಗುಂಡಿ ಒತ್ತುತ್ತಾನೆ, ಸದ್ದು ಕೇಳಿಸಿದರೆ ಕೈ ಎತ್ತಬೇಕು. ಎದುರಿನ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತಾ ಕೂತ ಉದ್ದಣ್ಣ ಕಂಪೌಂಡರನ ಬೆರಳು ನೋಡಿ ಮೂಗು ಉಜ್ಜಿಕೊಳ್ಳುತ್ತಿದ್ದ, ತೋಪಣ್ಣ ಕೈ ಎತ್ತುತ್ತಿದ್ದ. ಫೇಲಾದವನನ್ನು ಉಗ್ರಾಣಕ್ಕೋ ಅಡುಗೆಮನೆಗೋ ಹಾಕುತ್ತಾರೆ. ಫಿರಂಗಿ ಬಿಟ್ಟು ಈರುಳ್ಳಿ ಹೆಚ್ಚಲು ಯಾವ ಗಂಡಸು ಒಪ್ಪುತ್ತಾನೆ? ಎಲ್ಲರಿಗೂ ಇದು ಉಪಕಾರವೆಂದೇ ಕಂಡಿತು. ಹೀಗೆ ಕಲ್ಲಾಗಿ ಹೋಗಿದ್ದ ಕಿವಿ ಕಾಗದದ ಮೇಲೆ ಮೊಲದ ಕಿವಿಯಾಗಿ ಉಳಿಯಿತು.

ಆಮೇಲೆ ಹೊಸ ಅಧಿಕಾರಿ ಬಂದ. ಅವನಿಗೆ ಈ ಪದ್ಧತಿ ಗೊತ್ತಿಲ್ಲ. ಗುಂಡು ಹಾರಿಸುವ ಅಭ್ಯಾಸ ನಡೆದಿತ್ತು. ಉದ್ದಣ್ಣ ಆವತ್ತು ತನ್ನ ಜಾಗ ಬಿಟ್ಟು, ಹೊಸ ಸಾಹೇಬರ ಕಣ್ಣಿಗೆ ಬೀಳಲೆಂದು ದುರ್ಬೀನು ಹಿಡಿದುಕೊಂಡು ಅವರ ಪಕ್ಕದಲ್ಲಿ ನಿಂತಿದ್ದ. ಸಾಹೇಬರು ಹಿಂದಿನಿಂದ "ನಿಲ್ಲಿಸು" ಎಂದು ಕೂಗಿದರು, ಮತ್ತೆ ಕೂಗಿದರು. ಭುಜಕ್ಕೆ ಯಾರೂ ತಟ್ಟಲಿಲ್ಲ. ತೋಪಣ್ಣ ತುಂಬಿದ, ಗುಂಡು ಹಾರಿತು. ಯಾರ ಕೂದಲೂ ಕೊಂಕಲಿಲ್ಲ, ಆದರೆ ಸಾಹೇಬರ ಮಾನ ಹೋಗಿತ್ತು.

ವಿಚಾರಣೆಯ ಹಿಂದಿನ ದಿನ ಉದ್ದಣ್ಣ ಬಂದು, ಮುಖ ಕೊಟ್ಟು, ತುಟಿ ಬಿಡಿಸಿ ಹೇಳಿದ: "ಕಿವಿ ವಿಷಯ ಎತ್ತಬೇಡ ಕಣೋ. ಎತ್ತಿದ್ರೆ ನಾವೆಲ್ಲ ಸಿಕ್ಕಿಬೀಳ್ತೀವಿ. ಈಗ ಸುಮ್ನೆ ಹೋಗು, ಆಮೇಲೆ ನಾನೇ ಬಂದು ಸಾಕ್ಷಿ ಹೇಳ್ತೀನಿ. ನನ್ನಾಣೆ."

ತೋಪಣ್ಣ ಬಾಯಿಗೆ ಬೀಗ ಹಾಕಿಕೊಂಡ. ತಲೆ ತಗ್ಗಿಸಿ ಮನೆಗೆ ಬಂದ. ಕಾವಲುಗಾರನ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಬಿಡುಗಡೆ ಪತ್ರದ ಆ ಎರಡು ಪದ ಓದಿ ಬಾಗಿಲು ಹಾಕಿದರು. ಆಸ್ಪತ್ರೆಯಲ್ಲಿ, ಕಿವಿ ಯಂತ್ರ ಮೆಡಿಕಲ್ ಮೇಲೆ ಬಂದವರಿಗೆ ಮಾತ್ರ ಎಂದರು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು, ಸಿಟ್ಟು ಬಂದರೆ ಕತ್ತರಿ ಮುಟ್ಟದೆ ಹಲ್ಲಿನಿಂದಲೇ ದಾರ ಕಡಿಯುವವಳು. ಮೇಲ್ಮನವಿ ಹಾಕಿಸಿದ್ದು ಅವಳೇ.

"ರೀ, ಕಾಸು ಕೊಡ್ಲಿ ಬಿಡ್ಲಿ, ಆ ಮಾತನ್ನ ಮಾತ್ರ ಅಳಿಸಬೇಕು" ಎಂದಳು. "ಹೇಳಿದ ಮಾತು ಮೀರಿದವರಂತೆ! ನಾನು ಹೇಳಿದ್ದನ್ನೇ ಒಂದು ದಿನ ಮೀರಿದವರಲ್ಲ ನೀವು."

ಮೇಲ್ಮನವಿ ಕೇಳುವ ಮಂಡಳಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ಅಧ್ಯಕ್ಷರು ಕೆನ್ನೆಗೆ ಕೈಕೊಟ್ಟು, ತಲೆ ಎತ್ತದೆ, ಕಡತದ ಜೊತೆಯೇ ಮಾತಾಡುತ್ತಿದ್ದರು. ಕಿವುಡನ ಅರ್ಜಿ ಕೇಳಲು ಕೂತವರು ಕಿವುಡನಿಗೆ ಮುಖ ತೋರಿಸಬಾರದೆಂಬ ಕಾನೂನಿತ್ತೋ ಏನೋ! ಹೆಂಡತಿ ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ತುಟಿ ಬಿಡಿಸಿ ಅವನಿಗೆ ದಾಟಿಸಿದಳು.

"ಈಗ ಕಿವುಡು ಇರಬಹುದು. ಆಗಲೇ ಇತ್ತು ಅನ್ನೋಕೆ ಏನು ಆಧಾರ? ಎಲ್ಲಾ ಪರೀಕ್ಷೇಲೂ ಪಾಸಾಗಿದ್ದೀರಲ್ಲ?"

ತೋಪಣ್ಣ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೂಗು ಉಜ್ಜಿದ್ದು, ಕೈ ಎತ್ತಿದ್ದು, ಭುಜ ತಟ್ಟುತ್ತಿದ್ದದ್ದು. ಅವನ ದನಿಗೆ ಕಿಟಕಿ ಗಾಜು ಅದುರಿತು.

"ಹಾಗಾದ್ರೆ ಸೈನ್ಯಕ್ಕೆ ಮೋಸ ಮಾಡಿದ್ರಿ."

"ಹೌದು ಸಾರ್, ಮಾಡಿದೆ! ಅದಕ್ಕೆ ಏನು ಶಿಕ್ಷೆ ಇದೆಯೋ ಕೊಡಿ. ಆಜ್ಞೆ ಮೀರಿದ ಅಂತ ಮಾತ್ರ ಅನ್ನಬೇಡಿ. ಕೇಳಿಸಿದ ಆಜ್ಞೆ ಒಂದನ್ನೂ ನಾನು ಮೀರಿಲ್ಲ. ಸಾಕ್ಷಿ ಹೊರಗಡೆ ಇದ್ದಾನೆ, ಕರೆಸಿ."

ಉದ್ದಣ್ಣ ಒಳಗೆ ಬಂದ. ತೋಳಿಗೆ ಹೊಸ ಪಟ್ಟಿ ಬಂದಿತ್ತು. ಫಿರಂಗಿಯ ಮುಖಂಡ ಈಗ ಅವನೇ. ತೋಪಣ್ಣನ ಮುಖ ಅರಳಿತು. ಸಾಕ್ಷಿ ನಿಲ್ಲುವ ಜಾಗ ಮೇಜಿನ ಪಕ್ಕಕ್ಕಿತ್ತು, ಅಲ್ಲಿ ನಿಂತರೆ ಎಲ್ಲರಿಗೂ ಮುಖ ಕಾಣುತ್ತಿತ್ತು. ಉದ್ದಣ್ಣ ಅಲ್ಲಿಗೆ ಹೋಗಲಿಲ್ಲ. ನೇರ ಬಂದು ತೋಪಣ್ಣನಿಗೂ ಮೇಜಿಗೂ ನಡುವೆ, ಅವನಿಗೆ ಬೆನ್ನು ಹಾಕಿ ನಿಂತ.

ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಅವನ ಮುಂದೆ ಬೆನ್ನು ತಿರುಗಿಸಿ ಮಾತಾಡಿದ್ದು ಅದೇ ಮೊದಲು. ಇಸ್ತ್ರಿ ಹಾಕಿದ ಅಂಗಿಯ ಬೆನ್ನು ಏನನ್ನೋ ಹೇಳುತ್ತಿತ್ತು, ಕಿವಿಯ ತುದಿಗಳು ಕೆಂಪಗಾಗಿದ್ದವು. ತೋಪಣ್ಣ ಹೆಂಡತಿಯ ಮುಖ ನೋಡಿದ. ಮಾತು ದಾಟಿಸಬೇಕಾದವಳು ತುಟಿ ಬಿಚ್ಚಲಿಲ್ಲ, ಹಲ್ಲು ಕಚ್ಚಿ ಕೂತಿದ್ದಳು. ಅಧ್ಯಕ್ಷರು ಕಡತ ಮುಚ್ಚಿದರು.

ಹೊರಗಿನ ಮೊಗಸಾಲೆಯಲ್ಲಿ ಅವನು ಅವಳನ್ನು ತಡೆದು ನಿಲ್ಲಿಸಿದ. "ಏನಂದ? ಮುಚ್ಚಿಡಬೇಡ, ಹೇಳು."

ಅವಳು ಮುಖ ಕೊಟ್ಟೇ ಹೇಳಿದಳು. "'ಅವನ ಕಿವಿ ಚೆನ್ನಾಗೇ ಇತ್ತು ಸಾರ್. ಮೂಗು ಉಜ್ಜಿದ್ದೆಲ್ಲ ಕಟ್ಟುಕತೆ. ಮೊದಲಿಂದ್ಲೂ ಹಟಮಾರಿ' ಅಂದ. ಹಳೇ ಆದೇಶವೇ ಇರಲಿ ಅಂದ್ರು ಅವ್ರು."

ತೋಪಣ್ಣನ ಮೈಯೆಲ್ಲ ಉರಿದುಹೋಯಿತು. ಅಧ್ಯಕ್ಷರ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಅವರು ಕಂಡದ್ದು ಕಾಗದ, ನಂಬಿದ್ದು ಕಾಗದ. ಇವನ ಬಾಯಿ ಕಟ್ಟಿಸಿ, ಇವನದೇ ಬೆನ್ನ ಮೇಲೆ ಕಾಲಿಟ್ಟು ಏಣಿ ಹತ್ತಿದವನು ಈಗ ಬಾಗಿಲು ತೆರೆದುಕೊಂಡು ಓಡುತ್ತಾ ಬರುತ್ತಿದ್ದ.

ಈಗ ಮುಖ ಕೊಟ್ಟ. ತುಟಿ ಬಿಡಿಸಿ, ಒಂದೊಂದೇ ಪದ ಜೋಡಿಸಿ, ಹಿಂದಿನ ಹಾಗೆಯೇ ಶುರುಮಾಡಿದ: "ಲೋ, ನನ್ನ ಪಿಂಚಣಿ ಹೋಗ್ತಿತ್ತು ಕಣೋ, ಮಗಳ—"

ತೋಪಣ್ಣ ಕಣ್ಣು ಮುಚ್ಚಿಕೊಂಡ. ಕಿವುಡನಿಗೆ ಮುಚ್ಚಿಕೊಳ್ಳಲು ಇರುವ ಕಿವಿ ಅದೇ. ಹೆಂಡತಿ ಉದ್ದಣ್ಣನನ್ನು ಬೈಯುತ್ತಿದ್ದದ್ದು, ಅವಳು ಮಾತುಮಾತಿಗೂ ಅವನ ಕೈ ಜಗ್ಗುತ್ತಿದ್ದದ್ದರಿಂದ ಅವನಿಗೆ ತಿಳಿಯಿತು. ಸಾಕಷ್ಟು ಬೈಯಲೆಂದು ಬಿಟ್ಟು, ಆಮೇಲೆ ಕಣ್ಣು ತೆರೆದು, ತಿರುಗಿ, ಅವಳನ್ನು ಕರೆದುಕೊಂಡು ಮೆಟ್ಟಿಲ ಕಡೆ ನಡೆದ.

ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು. ಅದೇ ಬೆರಳು, ಅದೇ ತೂಕ. ಒಂದು ಸಲ, ಇನ್ನೊಂದು ಸಲ. ನಿಲ್ಲು.

ತೋಪಣ್ಣ ನಿಲ್ಲಲಿಲ್ಲ. ಗೊತ್ತಿದ್ದೂ ಅವನು ಮೀರಿದ ಆಜ್ಞೆ ಅದೊಂದೇ.