ದೇವರ ದಾರಿಯ ಅಂಚಿನಲ್ಲಿ ಕರಬಸಪ್ಪ

ಕಾರ್ ಪಾರ್ಕಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಅಕ್ಕಿ, ಉಪ್ಪಿನ ತಟ್ಟೆ ಹಿಡಿದು ಕರಬಸಪ್ಪ ಮುಂದೆ ಹೋಗುತ್ತಿದ್ದಾರೆ. ಹಿಂದೆ ನಾನು, ಅವರ ಕತೆ ಬರೆದುಕೊಳ್ಳಲು ಬಂದವನು, ಚಳಿಗೆ ಕೈಗಳನ್ನು ಕೋಟಿನೊಳಗೆ ತುರುಕಿಕೊಂಡು, ಕಲ್ಲುಹಾಸಿನ ನಟ್ಟನಡುವೆ ಆರಾಮಾಗಿ ನಡೆಯುತ್ತಿದ್ದೇನೆ. ಅವರು ತಿರುಗಿ ನೋಡುತ್ತಾರೆ.

"ಸ್ವಲ್ಪ ಬಾಜೂಕ ಬರ್ರಿ ಸರ. ನಡುವಿನ ದಾರಿ ದೇವರದು."

ಮೇಷ್ಟರಿಂದ ಬೈಸಿಕೊಂಡವನ ಹಾಗೆ ಅಂಚಿಗೆ ಸರಿಯುತ್ತೇನೆ. ದಾರಿಯ ಕೊನೆಯಲ್ಲಿ ಎರಡು ಕಂಬ, ಮೇಲೆ ಅಡ್ಡತೊಲೆಯ ಕೆಂಪು ದ್ವಾರ. ಅದರಾಚೆ ಕಟ್ಟೆಯ ಮೇಲೆ ಪಾರಿವಾಳದ ಗೂಡಿನಷ್ಟೇ ದೊಡ್ಡದೊಂದು ಮರದ ಗುಡಿ. ಇಂಗ್ಲಿಷರ ನಾಡಿನ ವುಲ್ವರ್‌ಹ್ಯಾಂಪ್ಟನ್ ಹೊರವಲಯದ ಈ ಕಾರ್ಖಾನೆ ಜಪಾನಿನವರದು. ಗುಡಿಯಲ್ಲಿರುವುದೂ ಅವರ ಶಿಂಟೋ ಧರ್ಮದ ದೇವರೇ. ಪೂಜಾರಿ ಮಾತ್ರ ಗದಗದ ಕಡೆಯವರು. ಪೂಜಾರಿ ಎಂದರೆ ಕರಬಸಪ್ಪನವರಿಗೆ ಸಿಟ್ಟು.

"ನಾ ಕ್ಲೀನರ್ ರೀ. ಕಸಾ ಹೊಡಿಯೋದು ನನ್ನ ಕೆಲಸ. ಇದೂ ಅದರಾಗ ಬಂತು."

ಹೆಂಡತಿ ಅರ್ಪಿತಾಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ, 2000ದಲ್ಲಿ, ಕರಬಸಪ್ಪ ಊರಿನ ಹೈಸ್ಕೂಲಿನ ಜವಾನಿಕೆ ಬಿಟ್ಟು ಜೊತೆಗೆ ಬಂದರು. ಇಂಗ್ಲಿಷ್ ಬರುತ್ತಿರಲಿಲ್ಲ. ಬಕೆಟ್ಟು, ಪೊರಕೆಗೆ ಅದು ಬೇಕಾಗಿಯೂ ಇರಲಿಲ್ಲ.

"ಮೊದಲನೇ ದಿನ ಗುಡಿ ಬಾಗಲಾ ಒರಸಿದೆ. ಬೋಳು ಬೋಳು ಕಾಣಸ್ತು. ಕಿಸೇದಾಗ ವಿಭೂತಿ ಇತ್ತು, ಮೂರು ಬಟ್ಟು ಎಳದಬಿಟ್ಟೆ."

ಆಗಿನ ಮ್ಯಾನೇಜರ್ ಮೊರಿಟಾ ನೋಡಿದರು. ವಿಭೂತಿ ತಾನಾಗಿ ಮಾಸುವವರೆಗೆ ಹಾಗೇ ಬಿಟ್ಟರು. ಮರುದಿನ ಮಾತ್ರ ಪಕ್ಕದಲ್ಲಿ ನಿಂತು ತಮ್ಮ ಕ್ರಮ ತೋರಿಸಿದರು: ಎರಡು ಸಲ ಬಾಗುವುದು, ಎರಡು ಚಪ್ಪಾಳೆ, ಮತ್ತೊಮ್ಮೆ ಬಾಗುವುದು. ನಿವೃತ್ತರಾಗುವ ವರ್ಷ ಕರಬಸಪ್ಪನವರನ್ನು ಜಪಾನಿಗೇ ಕರೆದೊಯ್ದು, ಈ ದೇವರು ಹೊರಟುಬಂದ ಮೂಲ ಗುಡಿ ತೋರಿಸಿದರು. ಶತಮಾನಗಳಷ್ಟು ಹಳೆಯದು, ದೇವದಾರು ಕಾಡಿನ ನಡುವೆ.

"ಕೈ, ಬಾಯಿ ತೊಳಕೊಂಡು ಒಳಗ ಹೋಗಬೇಕ್ರಿ. ಅಷ್ಟು ಮಂದಿ, ಎಲ್ಲಾರೂ ಅಂಚಿಗೆ. ನಡುವ ಖಾಲಿ. ಕಾಯಾಂವ ಇಲ್ಲ, ಹಗ್ಗ ಕಟ್ಟಿಲ್ಲ. ನಮ್ಮ ಕಡೆ ಆಗಿದ್ರ ಅಲ್ಲೊಂದು ಮಿರ್ಚಿ ಅಂಗಡಿ ಇರತಿತ್ತು."

ನಗುತ್ತಾರೆ, ಆದರೆ ಇವತ್ತು ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2009ರ ಈ ಜನವರಿಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಈ ಕಾರ್ಖಾನೆಗೂ ಇವತ್ತೇ ಕೊನೆಯ ದಿನ. ದೇವರನ್ನು ಮೂಲ ಗುಡಿಗೆ ಮರಳಿಸಲು ಮೊರಿಟಾ ಜಪಾನಿನಿಂದ ಬರುವುದು ಏಪ್ರಿಲ್‌ನಲ್ಲಿ. ಅಲ್ಲಿಯತನಕ ಹಳೆ ಕುರ್ಚಿ, ಮೇಜುಗಳ ಜೊತೆ ಗೋದಾಮಿನಲ್ಲಿಟ್ಟು ಬೀಗ ಹಾಕಬೇಕೆಂದು ಆಫೀಸಿನ ಹುಕುಂ.

"ಆ ಕತ್ತಲದಾಗ ದಿನಾ ನೀರ ಇಡೋರ ಯಾರ್ರಿ?"

ಮನೆಗೆ ಒಯ್ಯುತ್ತೇನೆಂದು ಕೇಳಿಕೊಂಡಿದ್ದಾರೆ. ಉತ್ತರ ಬಂದಿಲ್ಲ. ಅರ್ಪಿತಾ ಆಗಲೇ ದೇವರ ಜಗಲಿಯಲ್ಲಿ ಜಾಗ ಮಾಡಿದ್ದಾರೆ. "ನಮ್ಮ ಲಿಂಗಪ್ಪ, ಅವರ ದೇವರು ಜಗಳಾ ತಗದ್ರ ನೀವ ಬಿಡಸ್ರಿ" ಎಂಬ ಷರತ್ತಿನ ಮೇಲೆ.

ಬೆಳಕು ಹರಿದಾಗ ಈಗಿನ ಮ್ಯಾನೇಜರ್ ಕೀತ್, ಚಹಾದ ಮಗ್ ಹಿಡಿದು ಅತ್ತಿಂದ ಬರುತ್ತಾರೆ. "ಮೊರಿಟಾ ಫೋನ್ ಮಾಡಿದ್ದರು. ನಿನ್ನ ಮನೆಯಲ್ಲೇ ಇರಲಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ತಾವೂ ಒಂದು ಗಳಿಗೆ ಟೋಪಿ ತೆಗೆದು ನಿಲ್ಲುತ್ತಾರೆ.

ಕರಬಸಪ್ಪ ಬಾಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಗುಡಿಗೆ ಬಿಳಿ ಬಟ್ಟೆ ಸುತ್ತಿ ಎದೆಗೊತ್ತಿ ಎತ್ತಿಕೊಳ್ಳುತ್ತಾರೆ. ಪಾಠ ಕಲಿತವನಂತೆ ನಾನು ಅಂಚಿಗೆ ನಿಲ್ಲುತ್ತೇನೆ. ಅವರೂ ಅಭ್ಯಾಸಬಲದಿಂದ ಅಂಚಿನಲ್ಲೇ ಹೆಜ್ಜೆ ಇಡುತ್ತಾರೆ, ತಟ್ಟನೆ ನಿಂತು ಕೈಯಲ್ಲಿರುವುದನ್ನು ನೋಡುತ್ತಾರೆ. ಆಮೇಲೆ ಕಲ್ಲುಹಾಸಿನ ನಡುವಿಗೆ ಬರುತ್ತಾರೆ.

"ಇವತ್ತ ಇಲ್ಲೇ ನಡೀಬೇಕ್ರಿ," ಎನ್ನುತ್ತಾರೆ. "ಹೊಂಟಾಂವ ಅವನು. ನಾ ಬರೇ ಹೊತ್ತಾಂವ."