ಬಸ್ಸಿನಲ್ಲಿ ಹೋದ ಕಾದಂಬರಿ

ಈ ವರ್ಷ ಮೂರು ಕಾದಂಬರಿ ಓದಿದೆ ಎಂದರೆ ಅದು ಅರ್ಧ ಸುಳ್ಳು. ಮೂರನ್ನೂ ಹಿಡಿದೆ, ಒಂದನ್ನೂ ಮುಗಿಸಲಿಲ್ಲ. ಮೊದಲನೆಯದರಲ್ಲಿ ನಾಲ್ಕು ತಲೆಮಾರು. ಅಜ್ಜ ಯಾರು, ಮೊಮ್ಮಗ ಯಾರು ಎಂದು ತಿಳಿಯಲು ವಂಶವೃಕ್ಷದ ಪುಟಕ್ಕೆ ಬೆರಳಿಟ್ಟುಕೊಂಡೇ ಓದಬೇಕು. ಎರಡನೆಯದರಲ್ಲಿ ಎಲ್ಲರೂ ಯೋಚಿಸುತ್ತಾರೆ, ಯಾರೂ ಅಡುಗೆ ಮಾಡುವುದಿಲ್ಲ. ಅವರಿಗೆ ಊಟ ಎಲ್ಲಿಂದ ಬರುತ್ತದೋ ದೇವರೇ ಬಲ್ಲ. ಮೂರನೆಯದು ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಕಡಲತೀರದ ಸೂಲಗಿತ್ತಿಯೊಬ್ಬಳು ಮುದುಕಿಯಾದ ಮೇಲೆ ಹಟ ಹಿಡಿದು ಈಜು ಕಲಿಯುವ ಕಥೆ. ಅದನ್ನೂ ಕೊನೆಗೆ ಒಂದಿಷ್ಟು ಪುಟ ಉಳಿದಿರುವಾಗ ಮಡಚಿ ಚೀಲಕ್ಕೆ ಹಾಕಿದ್ದೆ.

ತಪ್ಪು ಪುಸ್ತಕದ್ದಲ್ಲ. ಕಾದಂಬರಿ ಮುಗಿದ ಮೇಲೆ ನನ್ನೊಡನೆ ಜಗಳವಾಡುತ್ತಿದ್ದ ಗೆಳತಿ ಹೋದ ವರ್ಷ ತೀರಿಕೊಂಡಳು.

ಶೃಂಗೇರಿಯಲ್ಲಿ ಕಾಲೇಜಿಗೆ ಹೋಗುವಾಗಲೇ ನಾವಿಬ್ಬರೂ ಒಂದೇ ಪುಸ್ತಕವನ್ನು ಹಂಚಿಕೊಂಡು ಓದಿದವರು. ಆಮೇಲೆ ನಾನು ಕೊಪ್ಪದಲ್ಲಿ ಟೀಚರಾದೆ, ಅವಳು ಮದುವೆಯಾಗಿ ನರಸಿಂಹರಾಜಪುರದ ಹತ್ತಿರದ ಕಡಹಿನಬೈಲಿಗೆ ಹೋದಳು. ಓದು ಮಾತ್ರ ನಿಲ್ಲಲಿಲ್ಲ. ನಾನು ಮುಗಿಸಿದ್ದನ್ನು ಹಳೇ ಪೇಪರಿನಲ್ಲಿ ಸುತ್ತಿ ನರಸಿಂಹರಾಜಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ನಮ್ಮ ಕಡೆ ಬಸ್ಸಿನಲ್ಲಿ ಹೋಗದ ವಸ್ತುವಿಲ್ಲ. ಔಷಧಿ, ಮದುವೆ ಕಾಗದ, ಪಂಪ್‌ಸೆಟ್ಟಿನ ಬಿಡಿಭಾಗ, ಹಲಸಿನ ಹಪ್ಪಳ, ಇವುಗಳ ನಡುವೆ ನಮ್ಮ ಕಾದಂಬರಿ. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಚಪ್ಪಲಿ ಅಂಗಡಿ ಇಟ್ಟಿರುವ ಸಾಹೇಬರು ಅದನ್ನು ಇಳಿಸಿಕೊಳ್ಳುತ್ತಿದ್ದರು. ಪೇಟೆಗೆ ಬಂದಾಗ ಅವಳು ಒಯ್ಯುತ್ತಿದ್ದಳು.

ಓದಿ ಮುಗಿಸಿದ ದಿನ ಫೋನು ಬರುವುದು ಖಂಡಿತ. "ಎಂತ ಮಾರಾಯ್ತಿ, ಕೊನೇಲಿ ಹೀಗಾಗ್ತದೆ ಅಂತ ನಾನು ಎಣಿಸಿರ್ಲೇ ಇಲ್ಲ" ಎಂದೇ ಶುರು. ಆಮೇಲೆ ನನಗೆ ಕಂಡರಾಗದ ಪಾತ್ರದ ಪರವಾಗಿ ವಕೀಲಿ. ಹೆಂಡತಿಯನ್ನು ಗೋಳುಹೊಯ್ದುಕೊಂಡ ಗಂಡನ ಬಗ್ಗೆಯೂ "ಪಾಪ, ಅವನಿಗೂ ಎಂತದೋ ಕಷ್ಟ ಇತ್ತು ಕಾಣ್ತದೆ" ಎನ್ನುವವಳು. ನಾನು ಸಿಟ್ಟಿನಲ್ಲಿ ಫೋನಿಟ್ಟದ್ದೂ ಉಂಟು. ಮುಂದಿನ ಪುಸ್ತಕ ಮಾತ್ರ ತಪ್ಪದೆ ಹೋಗುತ್ತಿತ್ತು.

ಅವಳು ಹೋದ ಮೇಲೆ ಕೊನೆಯ ಪುಟವೆಂದರೆ ಹೆದರಿಕೆ. ಮುಗಿಸಿದ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಬಾರದ ಫೋನಿನ ಪಕ್ಕ ಸುಮ್ಮನೆ ಕೂರುವುದು ನನ್ನಿಂದಾಗದು. ಹೀಗೇ ಆದರೆ ಓದುವುದೇ ತಪ್ಪಿಹೋಗುತ್ತದೆ ಎಂದು ದಿಗಿಲಾಗಿತ್ತು. ನನಗಿರುವುದು ಅದೊಂದೇ ಚಟ.

ಮೊನ್ನೆ ಜಯಪುರಕ್ಕೆ ಹೋಗಲು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನರಸಿಂಹರಾಜಪುರದ ಬಸ್ಸು ಹೊರಡುತ್ತಿತ್ತು. ಬಾಗಿಲಲ್ಲಿದ್ದ ಕಂಡಕ್ಟರ್ ನನ್ನನ್ನು ಕಂಡವನೇ ಕೈ ಚಾಚಿದ. ನಾನು ಚೀಲದಲ್ಲಿದ್ದ ಸೂಲಗಿತ್ತಿಯ ಕಾದಂಬರಿ ತೆಗೆದು ಕೊಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಎಚ್ಚರವಾಯಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಜಯಪುರದ ಬಸ್ಸೂ ತಪ್ಪಿತು.

ಮಧ್ಯಾಹ್ನ ಚಪ್ಪಲಿ ಅಂಗಡಿಯ ಸಾಹೇಬರ ಫೋನು.

"ಟೀಚರೇ, ಪುಸ್ತಕ ಬಂದದೆ" ಎಂದರು. ಗೆಳತಿ ತೀರಿಕೊಂಡ ದಿನ ಅಂಗಡಿ ಮುಚ್ಚಿ ಬಂದಿದ್ದವರು ಅವರು.

"ಅಭ್ಯಾಸಬಲ. ಕೊಟ್ಟುಬಿಟ್ಟೆ" ಎಂದೆ.

"ನಾನೂ ಹಾಗೇ. ಇಳಿಸ್ಕೊಂಡು ಅವರ ಪುಸ್ತಕ ಇಡೋ ಜಾಗದಲ್ಲೇ ಇಟ್ಟೆ. ಚಾ ಕುಡಿಯುವಾಗ ನೆನಪಾಯ್ತು. ಸಂಜೆ ಬಸ್ಸಿಗೆ ವಾಪಸ್ ಹಾಕ್ಲಾ?"

"ಹಾಕಿ. ಅದನ್ನು ನಾನೂ ಪೂರ್ತಿ ಓದಿಲ್ಲ."

"ಅವರಾದ್ರೆ ಇಲ್ಲೇ ಸ್ಟೂಲಲ್ಲಿ ಕೂತು ಕೊನೇ ಪುಟ ಮೊದಲು ಓದೋರು. ಆಮೇಲೇ ಚೀಲಕ್ಕೆ ಹಾಕೋದು" ಎಂದರು. "ಹಾಗೆ ಎಂತಕ್ಕಮ್ಮಾ ಓದ್ತೀರಿ ಅಂತ ಕೇಳಿದ್ದೆ. ಕೊನೆ ಗೊತ್ತಾದ್ರೆ ಹೆದರಿಕೆ ಇಲ್ಲ, ಆರಾಮಾಗಿ ಓದ್ಬಹುದು ಅಂದ್ರು. ಟೀಚರ ಹತ್ರ ಹೇಳ್ಬೇಡಿ ಅಂತಲೂ ಅಂದಿದ್ರು. ಇನ್ನು ಹೇಳಿದ್ರೆ ಅಡ್ಡಿಲ್ಲ ಕಾಣ್ತದೆ."

ಕಳ್ಳಿ. ಇಷ್ಟು ವರ್ಷ ನನ್ನ ಮುಂದೆ ಏನೂ ಗೊತ್ತಿಲ್ಲದವಳ ಹಾಗೆ ನಾಟಕವಾಡಿದ್ದಳು. ಎದುರಿಗಿದ್ದಿದ್ದರೆ ಸರಿಯಾಗಿ ಬಯ್ಯುತ್ತಿದ್ದೆ. ಬಯ್ಯಲು ಅವಳಿಲ್ಲ ಎಂದು ಅಳು ಬಂತು. ಅಳುವಾಗಲೇ ಆ ಸ್ಟೂಲು, ಅದರ ಮೇಲೆ ಕೂತು ಕದ್ದು ಓದುವ ಅವಳ ಮುಖ ಕಣ್ಣಿಗೆ ಕಟ್ಟಿ ನಗುವೂ ಬಂತು.

ಸಂಜೆ ಬಸ್ಸಿಗೆ ಪುಸ್ತಕ ಬಂತು. ಮನೆಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲೇ ಕೂತು ನೇರ ಕೊನೆಯ ಪುಟ ತೆಗೆದೆ. ಸೂಲಗಿತ್ತಿ ದಡದಲ್ಲಿ ನಿಂತು ಒದ್ದೆ ಸೀರೆ ಹಿಂಡುತ್ತಾ ಯಾರನ್ನೋ ಬಯ್ಯುತ್ತಿದ್ದಳು. ಯಾರನ್ನು, ಯಾಕೆ ಎಂದು ತಿಳಿಯಲಿಲ್ಲ. ಅಂತೂ ಮುಳುಗಿರಲಿಲ್ಲ. ಪುಟಗಳನ್ನು ಹಿಂದಕ್ಕೆ ತಿರುವಿ, ಬಿಟ್ಟಲ್ಲಿಂದ ಆರಾಮಾಗಿ ಓದತೊಡಗಿದೆ.