‘ಗೊತ್ತಾಗಲಿಲ್ಲ’ ಎಂದು ಬರೆಯುವ ಚುಕ್ಕಿಯಮ್ಮ

ಬೆಳಗಿನ ಐದೂವರೆ. ನೆಲಮಾಳಿಗೆಯ ಕೊನೆಯ ಕೋಣೆಗೆ ಬಂದ ಹೆಂಗಸು ಮೊದಲು ಮಾಡುವ ಕೆಲಸ ಪರದೆ ಒರೆಸುವುದು. ಚೀಲದಿಂದ ಹಳೆಯ ಹತ್ತಿ ಬಟ್ಟೆಯ ತುಂಡೊಂದನ್ನು ತೆಗೆದು ನಾಲ್ಕು ಮಡಿಕೆ ಮಾಡಿ, ಮೇಲಿನಿಂದ ಕೆಳಕ್ಕೆ ಎಳೆದು, ಬಗ್ಗಿ ಓರೆಗಣ್ಣಿಂದ ನೋಡುತ್ತಾರೆ. ಒಂದು ಮೂಲೆ ಸಮಾಧಾನ ಕೊಡುವುದಿಲ್ಲ. ಅಲ್ಲಿಗೆ ಬಾಯಿಂದ ಹಬೆ ಊದಿ ಮತ್ತೊಮ್ಮೆ ಒರೆಸುತ್ತಾರೆ.

“ಇಲ್ಲೊಂದು ಧೂಳು ಕೂತ್ರೆ ಅಲ್ಲೊಂದು ಹಾರೋ ತಟ್ಟೆ ಹುಟ್ಟುತ್ತೆ” ಎಂದು ಅವರು ಬಟ್ಟೆ ಮಡಚಿಡುತ್ತಾರೆ.

ಪರದೆಯ ಮೇಲೆ ಕತ್ತಲು ಮೂಡುತ್ತದೆ. ಭೂಮಿಯನ್ನು ಸುತ್ತುತ್ತಿರುವ ನೌಕೆಯೊಂದರ ಹೊರಮೈಗೆ ಕೂರಿಸಿದ ಕ್ಯಾಮೆರಾ ಸೆರೆಹಿಡಿದ ಕತ್ತಲು. ಸ್ವಲ್ಪ ಹೊತ್ತಿಗೆ ಒಂದು ಅಂಚಿನಲ್ಲಿ ನೀಲಿ ಗೆರೆ, ಆಮೇಲೆ ಕಣ್ಣು ಕುಕ್ಕುವ ಬೆಳಕು. ನೌಕೆಗೆ ಬೆಳಗಾಗಿದೆ. ಒಂದೂವರೆ ಗಂಟೆಗೊಂದು ಸಲ ಅಲ್ಲಿ ಬೆಳಗಾಗುತ್ತದೆ. ಬಿಸಿಲು ಬಿದ್ದೊಡನೆ ಎಲ್ಲಿಂದಲೋ ಬಂದಂತೆ ಹೊಳೆಯುವ ಚುಕ್ಕಿಗಳು ಕಾಣಿಸುತ್ತವೆ. ಚುಕ್ಕಿಯಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

ಇಷ್ಟು ಬೇಗ ಬರಲು ಕಾರಣವಿದೆ. ಎಂಟು ಗಂಟೆಗೆ ಮೇಲಿನ ಮಹಡಿಗಳಲ್ಲಿ ಓಡಾಟ ಶುರುವಾದರೆ ಇವರ ಮೇಜು ಸಣ್ಣಗೆ ನಡುಗುತ್ತದೆ. ಆ ನಡುಕ ಬೇರೆ ಯಾರಿಗೂ ತಿಳಿಯದು. ಇವರ ಕಣ್ಣಿಗೆ ಮಾತ್ರ ಚುಕ್ಕಿಗಳೆಲ್ಲ ಚಳಿ ಹಿಡಿದಂತೆ ಕಾಣುತ್ತವೆ.

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಕಾವಲುಗಾರನಿಂದ ಹಿಡಿದು ದೊಡ್ಡ ವಿಜ್ಞಾನಿಗಳವರೆಗೆ ಎಲ್ಲರೂ ಕರೆಯುವುದು ಚುಕ್ಕಿಯಮ್ಮ ಎಂದೇ. ವಯಸ್ಸು ಐವತ್ತೈದು. ಈ ಕೋಣೆಗೆ ಬಂದು ಹತ್ತೊಂಬತ್ತು ವರ್ಷ. ನೌಕೆಯ ಹೊರಗಿನ ಕ್ಯಾಮೆರಾಗಳು ಕಳಿಸುವ ಚಿತ್ರಗಳನ್ನು ಒಂದು ನಿಮಿಷವೂ ಬಿಡದೆ ನೋಡಿ, ಅಲುಗುವ ಪ್ರತಿಯೊಂದು ಚುಕ್ಕಿಯೂ ಏನೆಂದು ಬರೆದಿಡುವುದು ಇವರ ಕೆಲಸ. ದಿನಕ್ಕೆ ಆರು ಗಂಟೆಯ ಚಿತ್ರ, ಸರಾಸರಿ ಇನ್ನೂರು ಚುಕ್ಕಿ. ಯಾವುದಾದರೂ ಮಾಮೂಲಿಯಾಗಿ ಕಾಣದಿದ್ದರೆ ಚಿತ್ರವನ್ನು ಹಿಂದಕ್ಕೆ ಓಡಿಸಿ, ನಿಧಾನ ಮಾಡಿ, ಹತ್ತು ಸಲವಾದರೂ ನೋಡುತ್ತಾರೆ. ಗೋಡೆಗೊರಗಿಸಿದ ಕಬ್ಬಿಣದ ಕಪಾಟಿನಲ್ಲಿ ಇವರ ಕೈಬರಹದ ನಲವತ್ತಮೂರು ದಪ್ಪ ಪುಸ್ತಕಗಳಿವೆ.

ಓದಿದ್ದು ಏಳನೇ ತರಗತಿ. ಹದಿನಾಲ್ಕನೇ ವಯಸ್ಸಿಗೆ ಬಟ್ಟೆ ಗಿರಣಿಗೆ ಸೇರಿದ್ದರು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆ ಹರಿದು ಹೋಗುತ್ತಿರುತ್ತದೆ. ಎಲ್ಲಿ ಎಳೆ ತಪ್ಪಿದೆಯೋ, ಎಲ್ಲಿ ಗಂಟು ಬಿದ್ದಿದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದರು. ಕೆಲಸ ಕಲಿಸಿದ ಹಿರಿಯ ಹೆಂಗಸಿನ ಮಾತನ್ನು ಈಗಲೂ ಅವರದೇ ದನಿಯಲ್ಲಿ ಹೇಳುತ್ತಾರೆ: “ತಪ್ಪು ಬಟ್ಟೇದೋ ಬೆಳಕಿಂದೋ ತಿಳೀಲಿಲ್ಲ ಅಂದ್ರೆ ಬಟ್ಟೆಗೆ ಸುಣ್ಣ ಮುಟ್ಟಿಸಬೇಡ ಮಗಳೇ. ಪಕ್ಕದ ಚೀಟೀಲಿ ನಿನ್ನ ಬಿಲ್ಲೆ ನಂಬರ್ ಬರಿ. ಅನುಮಾನ ನಿಂದು, ಬಟ್ಟೇದಲ್ಲ.”

ಗಿರಣಿ ಮುಚ್ಚಿತು. ಬಾಹ್ಯಾಕಾಶ ಸಂಸ್ಥೆಯೊಂದಕ್ಕೆ ತಾಳ್ಮೆಯ ಕಣ್ಣಿನವರು ಬೇಕಂತೆ ಎಂದು ಸುದ್ದಿ ತಂದವರು ಗಂಡ. ಅವರು ಸಿಟಿ ಬಸ್ಸಿನ ಡ್ರೈವರ್. ಊರಿನ ಸುದ್ದಿಯೆಲ್ಲ ಅವರ ಬೆನ್ನ ಹಿಂದಿನ ಸೀಟಿನಲ್ಲೇ ಪ್ರಯಾಣ ಮಾಡುತ್ತದೆ. ಪರೀಕ್ಷೆಯ ದಿನ ಮೂರು ನಿಮಿಷದ ಚಿತ್ರ ತೋರಿಸಿ ಎಷ್ಟು ಚುಕ್ಕಿ ಕಂಡವು ಎಂದು ಕೇಳಿದರು. ಉಳಿದವರು ಏಳು, ಎಂಟು ಎಂದರು. ಸರಿಯುತ್ತರ ಒಂಬತ್ತು. ಇವರು ಹನ್ನೊಂದು ಎಂದರು. ತಪ್ಪು ಎಂದು ಬರೆಯಲು ಹೊರಟ ಅಧಿಕಾರಿಯನ್ನು ತಡೆದು, ಎದ್ದು ಹೋಗಿ ಪರದೆಯನ್ನು ಉಗುರಿನಿಂದ ಎರಡು ಕಡೆ ಕೆರೆದರು.

“ಒಂಬತ್ತು ಆಕಾಶದ್ದು ಸಾರ್. ಎರಡು ನಿಮ್ಮ ಆಫೀಸಿನ ನೊಣದ್ದು.”

ಮಾರನೆಯ ದಿನದಿಂದಲೇ ಕೆಲಸ.

ಹೆಚ್ಚಿನ ಚುಕ್ಕಿಗಳು ನೌಕೆಯದ್ದೇ ಕಸ. ನೌಕೆ ಹೊರಬಿಟ್ಟ ನೀರು ಹೆಪ್ಪುಗಟ್ಟಿದ ಮಂಜಿನ ಚೂರು, ಬಿಸಿಲಿಗೆ ಎದ್ದ ಬಣ್ಣದ ಚಕ್ಕೆ. ಅವುಗಳಿಗೆಲ್ಲ ಚುಕ್ಕಿಯಮ್ಮ ತಮ್ಮದೇ ಹೆಸರಿಟ್ಟಿದ್ದಾರೆ. ಮಗುಚುತ್ತ ಮಗುಚುತ್ತ ನಿಧಾನ ಸಾಗುವುದು ‘ಸೋಮಾರಿ’. ಕ್ಯಾಮೆರಾ ಎತ್ತ ತಿರುಗಿದರೂ ಪರದೆಯ ಅದೇ ಜಾಗದಲ್ಲಿ ಕುಳಿತಿರುವುದು ‘ಕೂತವನು’. ಅದು ಕ್ಯಾಮೆರಾದ್ದೇ ದೋಷ. ಕಿಟಕಿ ಗಾಜಿನಲ್ಲಿ ಒಳಗಿನ ದೀಪ ಹೊಳೆದರೆ ‘ಕಳ್ಳ’. ನೆಟ್ಟಗೆ ಹೋಗುತ್ತಿದ್ದದ್ದು ಥಟ್ಟನೆ ದಿಕ್ಕು ಬದಲಿಸಿ ಓಡಿದರೆ ‘ಬೆದರಿದ್ದು’.

ಜನ ಮೈಮರೆಯುವುದು ಈ ಬೆದರಿದ್ದನ್ನು ಕಂಡೇ. “ಅದು ತಾನಾಗೇ ತಿರುಗಿದ್ದಲ್ಲ. ನೌಕೆ ಸರಿದುಕೊಳ್ಳೋಕೆ ಅಂತ ಪಕ್ಕದ ಕೊಳವೇಲಿ ಒಂದು ಸಲ ಉಸಿರು ಬಿಡುತ್ತೆ. ಆ ಗಾಳಿ ಬಡಿದ ಚೂರು ಓಡದೆ ಇನ್ನೇನು ಮಾಡುತ್ತೆ? ಊದಿದ್ರೆ ಹೊಟ್ಟು ಹಾರಲ್ವಾ, ಹಾಗೆ.”

ಮನೆಯಲ್ಲಿ ಈ ವಿವರಣೆ ನಡೆಯುವುದಿಲ್ಲ. ಎಂಬತ್ತು ದಾಟಿದ ಅತ್ತೆಗೆ ಸೊಸೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಹತ್ತೊಂಬತ್ತು ವರ್ಷದಿಂದಲೂ ಅನುಮಾನ. “ಸರ್ಕಾರದವರು ಹೇಳಬೇಡ ಅಂದಿರ್ತಾರೆ, ನಂಗೊತ್ತು. ನಾನು ಇವತ್ತೋ ನಾಳೆಯೋ ಹೋಗೋಳು. ನನ್ನ ಕಿವೀಲಾದ್ರೂ ಹೇಳಬಾರದೇನೇ?” ತರಕಾರಿ ಅಂಗಡಿಯವನದು ಇನ್ನೊಂದು ವರಸೆ: “ಯಾವಾಗ ಇಳೀತಾರಂತೆ ಅಕ್ಕ ಅವರು?” ಅವನಿಗೆ ಸಿಗುವ ಉತ್ತರ ಸಿದ್ಧವಿದೆ. “ಇಳಿದ್ರೆ ಮೊದಲು ನಿನ್ನ ತಕ್ಕಡಿ ನೋಡೋಕೇ ಬರ್ತಾರೆ ಕಣಪ್ಪ. ಅಂಥ ವಿಚಿತ್ರ ಅವರ ಲೋಕದಲ್ಲೂ ಇಲ್ವಂತೆ.”

ಕಣ್ಣು ಸೋಲುತ್ತಿದೆ. ನೋಡುವ ಭರದಲ್ಲಿ ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ಮರಳು ಹಾಕಿದಂತಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ ಎಂದರು ಡಾಕ್ಟರು. ಕಿಟಕಿಯಿಲ್ಲದ ಕೋಣೆಯಲ್ಲಿ ದೂರ ಎಲ್ಲಿಂದ ಬರಬೇಕು? ಬಾಗಿಲು ತೆರೆದಿಟ್ಟು, ಉದ್ದನೆಯ ಕಾರಿಡಾರಿನ ತುದಿಯಲ್ಲಿ ತೂಗುವ ಬೆಂಕಿ ಆರಿಸುವ ಕೆಂಪು ಡಬ್ಬಿಯನ್ನು ನೋಡುತ್ತಾರೆ. ಮನೆಗೆ ಹೋದರೂ ಕಣ್ಣಿಗೆ ರಜೆಯಿಲ್ಲ. “ಮದುವೆಯಾದ ಹೊಸದರಲ್ಲಿ ನನ್ನ ಮುಖ ನೋಡ್ತಿದ್ಲು” ಎನ್ನುತ್ತಾರೆ ಗಂಡ. “ಈಗ ಅಂಗಿ ಮೇಲಿನ ಕಲೆ ನೋಡ್ತಾಳೆ. ಗುಂಡಿ ಹಿಂದೆ ಇರೋದೂ ಕಾಣುತ್ತೆ ಅವಳಿಗೆ.”

ಇಷ್ಟರಲ್ಲೇ ಮುಗಿದಿದ್ದರೆ ಚುಕ್ಕಿಯಮ್ಮನ ಸುದ್ದಿ ನೆಲಮಾಳಿಗೆ ದಾಟುತ್ತಿರಲಿಲ್ಲ. ಕಳೆದ ತಿಂಗಳು ಅವರ ಒಂದು ಮಾತು ಅವರಿಗೇ ಗೊತ್ತಿಲ್ಲದೆ ಬಣ್ಣ ಬದಲಿಸಿ ಲೋಕವೆಲ್ಲ ಸುತ್ತಿ ಬಂದಿದೆ.

ಸಂಸ್ಥೆ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಚುಕ್ಕಿಯ ಬಗೆ ಬರೆಯಲು ಐದು ಅಂಕಣಗಳಿವೆ. ಮಂಜು, ಬಣ್ಣದ ಚಕ್ಕೆ, ಗಾಜಿನ ಹೊಳಪು, ಕ್ಯಾಮೆರಾ ದೋಷ. ಕೊನೆಯದು ‘ಅಪರಿಚಿತ ವಸ್ತು’. ಈ ಕೊನೆಯ ಅಂಕಣದ ತಲೆಬರಹವನ್ನು ಚುಕ್ಕಿಯಮ್ಮ ಮೊದಲ ದಿನದಿಂದಲೂ ಅಡಿಪಟ್ಟಿ ಇಟ್ಟು ಹೊಡೆದುಹಾಕುತ್ತ ಬಂದಿದ್ದಾರೆ. ಅದರ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ‘ನನಗೆ ಗೊತ್ತಾಗಲಿಲ್ಲ’ ಎಂದು ಬರೆಯುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಆ ಅಂಕಣಕ್ಕೆ ಬಿದ್ದ ಗುರುತುಗಳು ಹದಿನೇಳೇ ಹದಿನೇಳು.

“ವಸ್ತು ಅನ್ನಬೇಕಾದ್ರೆ ಅದು ವಸ್ತೂನೇ ಅಂತ ಮೊದಲು ಗೊತ್ತಾಗಬೇಕಲ್ಲ. ಬೆಳಕೇ ಇರಬಹುದು. ಅವತ್ತು ನನ್ನ ಕಣ್ಣೇ ಸರಿ ಇರದೆ ಇರಬಹುದು. ಗೊತ್ತಾಗದೆ ಹೋದದ್ದು ನನಗೆ. ಅದಕ್ಕೆ ಯಾಕೆ ಹೆಸರಿಡೋದು?”

ಮೂರು ವರ್ಷದ ಹಿಂದೆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಕಂಪ್ಯೂಟರಿನಲ್ಲಿ ಬಗೆಯನ್ನು ಬರೆಯುವಂತಿಲ್ಲ, ಐದರಲ್ಲೊಂದನ್ನು ಆರಿಸಬೇಕು. ‘ನನಗೆ ಗೊತ್ತಾಗಲಿಲ್ಲ’ ಎಂಬುದು ಆ ಪಟ್ಟಿಯಲ್ಲಿಲ್ಲ. ಏರಿಸಿದ ಹುಡುಗಿ ಹದಿನೇಳು ಕಡೆಯೂ ‘ಅಪರಿಚಿತ ವಸ್ತು’ವನ್ನು ಆರಿಸಿದಳು. ಅವಳ ತಪ್ಪೆಂದು ಚುಕ್ಕಿಯಮ್ಮ ಹೇಳುವುದಿಲ್ಲ. “ಪಾಪ, ಇದ್ದ ಗೂಡಲ್ಲೇ ಇಡಬೇಕಲ್ಲ ಅದು.”

ಕಳೆದ ತಿಂಗಳು ಸಂಸ್ಥೆ ಆ ದಾಖಲೆಗಳನ್ನೂ ಅವುಗಳ ಚಿತ್ರಗಳನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿತು. ನಾಲ್ಕನೇ ದಿನಕ್ಕೆ ವಿಡಿಯೊ ಚಾನೆಲ್ಲೊಂದು ಇಪ್ಪತ್ತೆರಡು ಸೆಕೆಂಡಿನ ತುಣುಕನ್ನು ಕತ್ತರಿಸಿ, ಚುಕ್ಕಿಗೊಂದು ಕೆಂಪು ವೃತ್ತ ಹಾಕಿ, ‘ಸಂಸ್ಥೆಯೇ ಒಪ್ಪಿಕೊಂಡ ಹದಿನೇಳು ಅಪರಿಚಿತ ವಸ್ತುಗಳು’ ಎಂದು ಬಿಟ್ಟಿತು. ಅದನ್ನು ನೋಡಿದವರು ನಲವತ್ತು ಲಕ್ಷ. ಅತ್ತೆ ಫೋನನ್ನು ಸೊಸೆಯ ಮೂಗಿಗೆ ಹಿಡಿದು, “ನೋಡು, ನೀನು ಹೇಳದಿದ್ರೂ ಹೊರಬಿತ್ತು” ಎಂದರು.

ಮೇಲಿನಿಂದ ಪ್ರಶ್ನೆಗಳು ಬಂದವು. ವಿಭಾಗದ ಮೇಲ್ವಿಚಾರಕರು ಕಾಗದವೊಂದನ್ನು ಹಿಡಿದು ತಾವೇ ನೆಲಮಾಳಿಗೆಗೆ ಇಳಿದು ಬಂದರು. ಕೆಟ್ಟವರಲ್ಲ. ಹದಿನೇಳೂ ಮಂಜಿನ ಚೂರುಗಳೇ, ದಾಖಲೆಯಲ್ಲಿ ತಪ್ಪಾಗಿದೆ ಎಂದು ಆ ಕಾಗದದಲ್ಲಿ ಟೈಪ್ ಮಾಡಲಾಗಿತ್ತು. ಅದರ ಕೆಳಗೆ ‘ಅಪರಿಚಿತ ವಸ್ತು’ ಎಂದು ದಾಖಲಾದ ಹದಿನೇಳರ ಪಟ್ಟಿ, ಕೊನೆಗೆ ಚುಕ್ಕಿಯಮ್ಮನ ಸಹಿಗೆ ಜಾಗ ಬಿಟ್ಟಿದ್ದರು.

“ಮಂಜು ಅಂತ ಸಹಿ ಹಾಕಿಬಿಡಿ ಅಮ್ಮ. ಎಲ್ಲಾ ತಣ್ಣಗಾಗುತ್ತೆ.”

“ನೋಡದೆ ಹ್ಯಾಗೆ ಹಾಕ್ಲಿ ಸಾರ್?”

“ನೋಡಿದ್ದೀರಲ್ಲ.”

“ನೋಡಿಯೇ ಗೊತ್ತಾಗಲಿಲ್ಲ ಅಂತ ಬರೆದಿದ್ದು.”

ಚುಕ್ಕಿಯಮ್ಮನ ಕೆಲಸ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಗುತ್ತಿಗೆ ಮುಂದುವರಿಯಬೇಕು, ಅದಕ್ಕೆ ಇದೇ ಮೇಲ್ವಿಚಾರಕರು ಶಿಫಾರಸು ಬರೆಯಬೇಕು. ಗುತ್ತಿಗೆ ಮುಗಿಯಲು ಹದಿನೆಂಟು ದಿನ ಉಳಿದಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಇವರೂ ಕೇಳಲಿಲ್ಲ. ಹದಿನೇಳನ್ನೂ ಮತ್ತೊಮ್ಮೆ ನೋಡಲು ಒಂದು ವಾರ ಬೇಡಿದರು. ಜೊತೆಗೆ ಇನ್ನೊಂದು: ನೌಕೆ ಯಾವ ಯಾವ ಸೆಕೆಂಡಿನಲ್ಲಿ ಉಸಿರು ಬಿಟ್ಟಿತು ಎಂಬ ಪಟ್ಟಿ. ಅದು ಬೇರೆ ವಿಭಾಗದ್ದು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅದನ್ನು ಈ ಕೋಣೆಗೆ ಕೊಟ್ಟಿರಲಿಲ್ಲ. ಇವರು ಕೇಳಿಯೂ ಇರಲಿಲ್ಲ. “ದೊಡ್ಡವರ ಕಾಗದ ನಮಗ್ಯಾಕೆ ಅಂದ್ಕೊಂಡಿದ್ದೆ. ಕೇಳಿದ್ರೆ ಕೊಡ್ತಾರೆ ಅಂತ ಈ ವಯಸ್ಸಿಗೆ ತಿಳೀತು.”

ಪಟ್ಟಿ ಸಿಕ್ಕ ಮೇಲೆ ಎಂಟು ಚುಕ್ಕಿಗಳು ಎರಡೇ ದಿನದಲ್ಲಿ ಶರಣಾದವು. ಚುಕ್ಕಿ ಬೆದರಿದ ಸೆಕೆಂಡಿಗೂ ಕೊಳವೆ ಊದಿದ ಸೆಕೆಂಡಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇನ್ನು ಮೂರು ಒಂದೇ ಕಿಟಕಿಯ ಕಳ್ಳರು. ಅಲ್ಲಿಗೆ ಹನ್ನೊಂದಾಯಿತು. ಉಳಿದದ್ದು ಆರು. ನಲವತ್ತು ಲಕ್ಷ ಜನ ನೋಡಿದ ಇಪ್ಪತ್ತೆರಡು ಸೆಕೆಂಡಿನ ಚುಕ್ಕಿ ಆ ಆರರಲ್ಲೇ ಒಂದು.

ಅದನ್ನು ಮೂರು ದಿನ ನೋಡಿದರು. ಮಗುಚುವುದು ಮಂಜಿನಂತೆಯೇ. ಹೊಳಪೂ ಮಂಜಿನದೇ. ಆದರೆ ಅದು ತಿರುಗಿದ ಗಳಿಗೆಯಲ್ಲಿ ಯಾವ ಕೊಳವೆಯೂ ಊದಿರಲಿಲ್ಲ. ಮೂರನೆಯ ದಿನ ಪೆನ್ನು ಮಂಜಿನ ಅಂಕಣದ ಮೇಲೆ ಬಂದು ನಿಂತಿತ್ತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಅಂದು ಬೆಳಿಗ್ಗೆ ಗಂಡ, “ಮಂಜೇ ಇರುತ್ತೆ, ಹಾಕಿ ಬಾರೇ. ಇನ್ನು ಮೂರು ವರ್ಷ ದುಡಿದ್ರೆ ಇಬ್ಬರೂ ಒಟ್ಟಿಗೆ ಮನೇಲಿ ಕೂರಬಹುದು” ಎಂದಿದ್ದರು.

“ಮಂಜೇ ಇರಬೇಕು ಅಂತ ನನಗೂ ಅನ್ಸುತ್ತೆ. ಆದ್ರೆ ಇರಬೇಕು ಅನ್ನೋದು ಬೇರೆ, ಇದೆ ಅನ್ನೋದು ಬೇರೆ. ಅನ್ನಿಸಿದ್ದಕ್ಕೆಲ್ಲ ಸಹಿ ಹಾಕಿದ್ರೆ ಆ ನಲವತ್ತಮೂರು ಪುಸ್ತಕಾನೂ ಯಾರು ನಂಬ್ತಾರೆ?”

ಈ ಮಧ್ಯೆ ಚಾನೆಲ್ಲಿನ ತರುಣನೊಬ್ಬ ವಿಳಾಸ ಹುಡುಕಿಕೊಂಡು ಮನೆ ಬಾಗಿಲಿಗೇ ಬಂದಿದ್ದ. ಕೈಯಲ್ಲಿ ಮೈಕು. ಅತ್ತೆ ಆಗಲೇ ಕುರ್ಚಿ ಹಾಕಿ ಕೂರಿಸಿದ್ದರು.

“ಒಂದೇ ಮಾತು ಸಾಕು ಅಮ್ಮ. ಅದು ಮಂಜು ಅಲ್ಲ ಅಂತ ಹೇಳಿಬಿಡಿ.”

“ಅಲ್ಲ ಅನ್ನೋಕೂ ಗೊತ್ತಾಗಬೇಕಲ್ಲಪ್ಪ.”

ಆತ ಮೈಕು ಮಡಚಿಕೊಂಡು ಹೋದ. ಬಾಗಿಲಿಗೆ ಬಂದ ಭಾಗ್ಯವನ್ನು ಸೊಸೆ ಒದ್ದಳೆಂದು ಅತ್ತೆ ಎರಡು ದಿನ ಮಾತು ಬಿಟ್ಟರು.

ವಾರದ ಕೊನೆಯ ದಿನ ಚುಕ್ಕಿಯಮ್ಮ ಮೇಲ್ವಿಚಾರಕರ ಕೋಣೆಗೆ ಹೋದರು. ಟೈಪ್ ಮಾಡಿದ ಕಾಗದದಲ್ಲಿ ಹದಿನೇಳನ್ನು ಹೊಡೆದು ಹನ್ನೊಂದು ಮಾಡಿದ್ದರು. ಎಂಟರ ಮುಂದೆ ಮಂಜು, ಮೂರರ ಮುಂದೆ ಗಾಜಿನ ಹೊಳಪು, ಪ್ರತಿಯೊಂದಕ್ಕೂ ಸೆಕೆಂಡಿನ ಲೆಕ್ಕ ಸಹಿತ ಸಹಿ. ಉಳಿದ ಆರರ ಮುಂದೆಯೂ ಸಹಿ ಇತ್ತು. ಅಲ್ಲಿ ‘ಅಪರಿಚಿತ ವಸ್ತು’ವಿನ ಮೇಲೆ ಅಡಿಪಟ್ಟಿಯ ನೇರ ಗೆರೆ, ಅದರ ಮೇಲೆ ದುಂಡು ಅಕ್ಷರ.

“ಜನ ಕೇಳ್ತಿರೋದು ಆ ಒಂದನ್ನೇ ಅಮ್ಮ” ಎಂದರು ಮೇಲ್ವಿಚಾರಕರು.

“ಅದಕ್ಕೇ ಸಾರ್ ಅದರಲ್ಲಿ ಸುಳ್ಳು ಬರೀಬಾರದು.”

ಆ ಕಾಗದ ಹಾಗೆಯೇ ಮೇಲಕ್ಕೆ ಹೋಯಿತು. ಕಂಪ್ಯೂಟರಿನ ಪಟ್ಟಿಯಲ್ಲಿ ಈಗ ಆರನೆಯದೊಂದು ಆಯ್ಕೆ ಸೇರಿದೆ: ‘ನೋಡಿದವರಿಗೆ ಗೊತ್ತಾಗಲಿಲ್ಲ’. ಸೇರಿಸಿ ಎಂದು ಚೀಟಿ ಬರೆದವರು ಮೇಲ್ವಿಚಾರಕರೇ. ಚಾನೆಲ್ ತನ್ನ ವೃತ್ತ ತೆಗೆದಿಲ್ಲ, ತೆಗೆಯುವ ಸೂಚನೆಯೂ ಇಲ್ಲ. ಗುತ್ತಿಗೆಯ ಪತ್ರ ಮೊನ್ನೆ ಬಂತು. ಪ್ರತಿ ಸಲ ಒಂದು ವರ್ಷ ಎಂದಿರುತ್ತಿದ್ದ ಕಡೆ ಈ ಸಲ ಆರು ತಿಂಗಳು ಎಂದಿದೆ. ಯಾಕೆಂದು ಪತ್ರದಲ್ಲಿಲ್ಲ. ಚುಕ್ಕಿಯಮ್ಮ ಅದನ್ನು ಎರಡು ಸಲ ಓದಿ, ಮಡಚಿ ಚೀಲದಲ್ಲಿಟ್ಟುಕೊಂಡಿದ್ದಾರೆ.

ಆರು ತಿಂಗಳಾದ ಮೇಲೆ ಏನು ಎಂದರೆ ಭುಜ ಹಾರಿಸುತ್ತಾರೆ. ಆಸೆ ಏನಾದರೂ ಉಂಟೇ ಎಂದರೆ ಪುಸ್ತಕಗಳ ಕಪಾಟಿನತ್ತ ಕೈ ತೋರಿಸುತ್ತಾರೆ.

“ಕಲಿತವರು ಯಾರಾದ್ರೂ ಬಂದು, ಅಮ್ಮ, ಇದು ಇಂಥದ್ದು, ಹೀಗಾಗಿದ್ದು ಅಂತ ಪಕ್ಕದಲ್ಲಿ ಕೂತು ತೋರಿಸಿಕೊಟ್ರೆ, ಅವತ್ತೇ ನಾನೇ ಗೆರೆ ಎಳೆದು ಹೊಡೆದುಹಾಕ್ತೀನಿ. ಖುಷಿಯಿಂದ ಹಾಕ್ತೀನಿ. ಅಲ್ಲೀವರೆಗೆ ಆ ಆರೂ ನನ್ನ ಲೆಕ್ಕದಲ್ಲೇ ಇರ್ಲಿ. ಗೊತ್ತಾಗಲಿಲ್ಲ ಅಂತ ಯಾರಾದ್ರೂ ಒಬ್ಬರು ಸಹಿ ಹಾಕಬೇಕಲ್ಲ.”